ಮಂಡಿಗೆ ತುಂಬುವ ಜೆಲ್, ಅದರೊಳಗಿನ ಜೀವಕೋಶ: ತಾಯಿಗೂ ಮಗನಿಗೂ ಒಂದೇ ಉತ್ತರವಿಲ್ಲ

ಪ್ರಶ್ನೆ: ನನ್ನ ತಾಯಿಗೆ 63 ವರ್ಷ. ಎರಡೂ ಮಂಡಿ ಸವೆದಿವೆ. ಎಕ್ಸ್-ರೇ ನೋಡಿದ ಮೂಳೆತಜ್ಞರು ಮೂರನೇ ಹಂತ ಎಂದಿದ್ದಾರೆ. ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಹೊಟ್ಟೆಯ ಕೊಬ್ಬಿನಿಂದ ಕಾಂಡಕೋಶ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ‘ಸ್ಟೆಮ್ ಸೆಲ್’) ತೆಗೆದು ಜೆಲ್‌ನಲ್ಲಿ ಬೆರೆಸಿ ಅಂದೇ ಮಂಡಿಗೆ ಚುಚ್ಚುತ್ತಾರಂತೆ. ಹೊಸ ಮೃದ್ವಸ್ಥಿ ಬೆಳೆಯುತ್ತದೆ, ಆಪರೇಷನ್ ಬೇಕಿಲ್ಲ ಎನ್ನುತ್ತಾರೆ. ಕಬಡ್ಡಿ ಆಡುವ ನನ್ನ ತಮ್ಮನಿಗೆ 27. ಆಟದಲ್ಲಿ ಪೆಟ್ಟುಬಿದ್ದು ಮಂಡಿಯೊಳಗಿನ ಮೃದ್ವಸ್ಥಿಯ ತುಂಡೊಂದು ಕಿತ್ತುಹೋಗಿದೆ. ಅವನದೇ ಜೀವಕೋಶ ಬೆಳೆಸಿ, ಜೆಲ್‌ನಲ್ಲಿ ಸೇರಿಸಿ ಆ ಗುಂಡಿಯನ್ನು ತುಂಬಬಹುದು ಎಂದು ಬೇರೊಬ್ಬ ವೈದ್ಯರು ಹೇಳಿದ್ದಾರೆ. ಈ ಜೆಲ್ ನಿಜಕ್ಕೂ ಏನು ಮಾಡುತ್ತದೆ? ಇಬ್ಬರಿಗೂ ಮಾಡಿಸಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಕಾಯುತ್ತಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಮ್ಮನಿಗೆ ಸೂಚಿಸಿರುವ ಚಿಕಿತ್ಸೆಗೆ ಮೂರು ದಶಕಗಳ ಅನುಭವದ ಬೆಂಬಲವಿದೆ. ಸರಿಯಾಗಿ ವಿಚಾರಿಸಿಕೊಂಡು ಮುಂದುವರಿಯಬಹುದು. ನಿಮ್ಮ ತಾಯಿಯವರಿಗೆ ಹೇಳಿರುವ ಕೊಬ್ಬಿನ ಕೋಶದ ಇಂಜೆಕ್ಷನ್‌ಗೆ ದಯವಿಟ್ಟು ಹಣ ಕಟ್ಟಬೇಡಿ.

ನಾನು ಶಸ್ತ್ರಚಿಕಿತ್ಸಕನಲ್ಲ. ಇಂಥ ಜೆಲ್‌ಗಳನ್ನು ತಯಾರಿಸಿ, ಅವುಗಳೊಳಗೆ ಕೋಶಗಳು ಬದುಕುತ್ತವೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಹಾಗಾಗಿ ನಿಮ್ಮವರ ಎಂ.ಆರ್.ಐ. ನೋಡಿ ತೀರ್ಮಾನ ಹೇಳುವುದು ಮೂಳೆತಜ್ಞರ ಹೊಣೆ, ನನ್ನದಲ್ಲ. ಆದರೆ ಎರಡೂ ಕಡೆ ಜೆಲ್ ಇದ್ದು, ಎರಡೂ ಕಡೆ ಕೋಶ ಇದ್ದು, ಒಂದಕ್ಕೆ ಆಗಬಹುದು ಇನ್ನೊಂದಕ್ಕೆ ಬೇಡ ಎಂದು ನಾನು ಏಕೆ ಹೇಳುತ್ತಿದ್ದೇನೆ ಎಂಬುದನ್ನು ವಿವರಿಸಬಲ್ಲೆ. ಸಿರಿಂಜ್‌ನಿಂದ ಹೊರಬಂದ ಜೆಲ್ ಎಲ್ಲಿ ನಿಲ್ಲುತ್ತದೆ, ಎಷ್ಟು ದಿನ ನಿಲ್ಲುತ್ತದೆ? ಎಲ್ಲವೂ ಈ ಎರಡು ಪ್ರಶ್ನೆಗಳ ಮೇಲೆ ನಿಂತಿದೆ.

ಮೊದಲು ಮೃದ್ವಸ್ಥಿಯ ವಿಚಾರ. ಮಂಡಿಯಲ್ಲಿ ಮೂಳೆಗಳ ತುದಿಗೆ ಹೊದಿಸಿರುವ ಈ ನುಣುಪಾದ ಬಿಳಿ ಪದರ ಹೆಚ್ಚಿನ ಕಡೆ 2ರಿಂದ 4 ಮಿಲಿಮೀಟರ್ ದಪ್ಪ ಇರುತ್ತದೆ, ಅಷ್ಟೆ. ಅದರ ತೂಕದ ಬಹುಪಾಲು ನೀರು. ಉಳಿದದ್ದು ಕೊಲಾಜೆನ್ ಎಂಬ ನಾರು ಮತ್ತು ಆ ನೀರನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ದೊಡ್ಡ ಅಣುಗಳು. ಜೀವಕೋಶಗಳು ಅತಿ ವಿರಳ, ಗಾತ್ರದಲ್ಲಿ ಶೇ 2ರ ಆಸುಪಾಸು. ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಕೈಗೆ ಗಾಯವಾದರೆ ರಕ್ತ ಬಂದು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೆ ಸುತ್ತಲಿನ ಕೋಶಗಳು ನುಗ್ಗಿ ಬಂದು, ಅಲ್ಲೇ ನೆಲೆಸಿ, ಗಾಯವನ್ನು ಮಾಯಿಸುತ್ತವೆ. ಮೃದ್ವಸ್ಥಿಗೆ ಆ ಭಾಗ್ಯವಿಲ್ಲ. ರಕ್ತವಿಲ್ಲದ ಕಡೆ ಹೆಪ್ಪು ಎಲ್ಲಿಂದ ಬರಬೇಕು? ಒಮ್ಮೆ ಹಾಳಾದ ಮೃದ್ವಸ್ಥಿ ಮತ್ತೆ ಸರಿಹೋಗುವುದಿಲ್ಲ ಎಂದು ಲಂಡನ್ನಿನ ಅಂಗರಚನಾ ಶಾಸ್ತ್ರಜ್ಞ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. ಇಷ್ಟು ಕಾಲವಾದರೂ ಆ ಮಾತನ್ನು ಪೂರ್ತಿ ಸುಳ್ಳುಮಾಡಲು ಯಾರಿಂದಲೂ ಆಗಿಲ್ಲ.

ಹಾಗಾದರೆ ಹೊರಗಿನಿಂದ ಕೋಶಗಳನ್ನು ತಂದು ಹಾಕಿದರೆ ಆಯಿತಲ್ಲ ಎನಿಸುತ್ತದೆ. ಸಂಶೋಧಕರಿಗೂ ಮೊದಲು ಹಾಗೆಯೇ ಅನಿಸಿತ್ತು. ಉಪ್ಪುನೀರಿನಲ್ಲಿ ಕೋಶಗಳನ್ನು ತೇಲಿಸಿ ಚುಚ್ಚಿ ನೋಡಿದರು. ಹೃದಯವಿರಲಿ, ಮೆದುಳಿರಲಿ, ಕೀಲಿರಲಿ, ಕಂಡದ್ದು ಬಹುತೇಕ ಒಂದೇ: ಕೆಲವೇ ದಿನಗಳಲ್ಲಿ ಹಾಕಿದ ಕೋಶಗಳ ಬಹುಪಾಲು ಅಲ್ಲಿರುವುದಿಲ್ಲ. ಕೆಲವು ಸೋರಿಹೋಗುತ್ತವೆ, ಉಳಿದವು ಸಾಯುತ್ತವೆ.

ಈ ಸಾವು ಸಿರಿಂಜ್‌ನಲ್ಲೇ ಆರಂಭವಾಗುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಸಿರಿಂಜ್‌ನ ಅಗಲವಾದ ಕೊಳವೆ ಸಣ್ಣ ಸೂಜಿಗೆ ಸೇರುವ ಬಾಯಿಯನ್ನು ನೆನಪಿಸಿಕೊಳ್ಳಿ. ಅಲ್ಲಿ ದ್ರವದ ವೇಗ ಥಟ್ಟನೆ ಏರುತ್ತದೆ. ಕೋಶದ ಮುಂದಿನ ತುದಿ ಸೂಜಿಯೊಳಗೆ ಹೋಗಿ ವೇಗ ಪಡೆದಿರುತ್ತದೆ, ಹಿಂದಿನ ತುದಿ ಇನ್ನೂ ನಿಧಾನದ ದ್ರವದಲ್ಲೇ ಇರುತ್ತದೆ. ಕೋಶ ಉದ್ದಕ್ಕೆ ಎಳೆಯಲ್ಪಟ್ಟು ಅದರ ಪೊರೆ ಹರಿಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಾರಾ ಹೈಲ್‌ಶಾರ್ನ್ ಅವರ ತಂಡ 2012ರಲ್ಲಿ ಇದನ್ನು ಅಳೆದು ತೋರಿಸಿತು. ಬರೀ ದ್ರವದಲ್ಲಿ ತೇಲಿಸಿ ಸೂಜಿಯಿಂದ ತಳ್ಳಿದಾಗ ಬದುಕುಳಿದ ಕೋಶಗಳು ನೂರಕ್ಕೆ ಸುಮಾರು 59. ಹದವಾಗಿ ಮೆತ್ತಗಿರುವ ಆಲ್ಜಿನೇಟ್ ಜೆಲ್‌ನಲ್ಲಿ ಸೇರಿಸಿ ತಳ್ಳಿದಾಗ ಸುಮಾರು 89. ಆಲ್ಜಿನೇಟ್ ಎಂದರೆ ಕಂದು ಬಣ್ಣದ ಕಡಲಪಾಚಿಯಿಂದ ತೆಗೆಯುವ ಅಂಟು. ಜೆಲ್‌ನ ಹೊರಪದರ ಸೂಜಿಯ ಗೋಡೆಗುಂಟ ಜಾರುತ್ತದೆ, ನಡುಭಾಗ ಇಡಿಯಾಗಿ ಸಾಗುತ್ತದೆ. ಒಳಗಿರುವ ಕೋಶಕ್ಕೆ ಎಳೆತದ ಬಿಸಿ ತಟ್ಟುವುದಿಲ್ಲ. ಆದರೆ ಹದ ತಪ್ಪಿ ಜೆಲ್ ಗಟ್ಟಿಯಾದರೆ ಈ ರಕ್ಷಣೆ ಮತ್ತೆ ಕುಗ್ಗುತ್ತದೆ.

ಪ್ರಯೋಗಾಲಯದಲ್ಲಿ ಹೊಸ ಜೆಲ್ ಕೈಗೆ ಬಂದಾಗ ಮೊದಲು ಇದನ್ನೇ ನೋಡುತ್ತೇವೆ. ಕೋಶ ಬೆರೆಸಿದ ಜೆಲ್ ಅನ್ನು 1 ಮಿಲಿಲೀಟರ್ ಸಿರಿಂಜ್‌ಗೆ ತುಂಬಿ, ಗಾಜಿನ ಪಟ್ಟಿಯ ಮೇಲೆ ನಿಧಾನವಾಗಿ ಒತ್ತುತ್ತೇವೆ. ಹನಿಯಾಗಿ ಬಿದ್ದು ಹರಡಿಕೊಂಡರೆ ಅದು ಗಾಯದಲ್ಲೂ ನಿಲ್ಲುವುದಿಲ್ಲ. ಎಳೆಯಾಗಿ ಬಂದು, ಪಟ್ಟಿಯನ್ನು ಓರೆಯಾಗಿ ಹಿಡಿದರೂ ಕದಲದೆ ಉಳಿದರೆ ಮುಂದಿನ ಪರೀಕ್ಷೆಗೆ ಅರ್ಹ. ಆ ಎಳೆಗೆ ಎರಡು ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬದುಕಿರುವ ಕೋಶ ಹಸಿರಾಗಿ, ಸತ್ತದ್ದು ಕೆಂಪಾಗಿ ಹೊಳೆಯುತ್ತವೆ. ಅದೇ ದಿನ ನೋಡಿದರೆ ಸಾಲದು. ಮೂರನೇ ದಿನ, ಏಳನೇ ದಿನ, ಮೂರು ವಾರ ಕಳೆದ ಮೇಲೆ ಮತ್ತೆ ನೋಡಬೇಕು. ಮೊದಲ ದಿನ ಹಸಿರೇ ತುಂಬಿದ್ದ ಜೆಲ್ ಏಳನೇ ದಿನ ಕೆಂಪಾಗಿರುವುದು ಈ ಕೆಲಸದಲ್ಲಿ ಸಾಮಾನ್ಯ ದೃಶ್ಯ. ಚಿಕಿತ್ಸಾಲಯದವರು ‘ಶೇ 95ರಷ್ಟು ಜೀವಂತ ಕೋಶ’ ಎಂದು ಕಾಗದ ತೋರಿಸಿದರೆ ಅದು ಯಾವ ದಿನದ ಎಣಿಕೆ, ಸೂಜಿಗೆ ಮುಂಚಿನದೋ ನಂತರದ್ದೋ ಎಂದು ಕೇಳಿ.

ಏಳನೇ ದಿನ ಏಕೆ ಸಾಯುತ್ತವೆ? ನಮ್ಮ ದೇಹದ ಹೆಚ್ಚಿನ ಕೋಶಗಳು ಏನನ್ನಾದರೂ ಹಿಡಿದುಕೊಂಡೇ ಬದುಕುವಂಥವು. ಹಿಡಿಯಲು ಏನೂ ಸಿಗದಿದ್ದರೆ ತಮ್ಮನ್ನು ತಾವೇ ಕೊಂದುಕೊಳ್ಳುವ ವ್ಯವಸ್ಥೆ ಅವುಗಳೊಳಗೇ ಇದೆ. ಬಳ್ಳಿಗೆ ಹಂದರ ಹಾಕುವಂತೆ ಕೋಶಕ್ಕೂ ಆಸರೆ ಕೊಡಬೇಕು. ಕೋಶಗಳು ತಮ್ಮ ಸುತ್ತಲಿನ ಪ್ರೋಟೀನ್‌ಗಳಲ್ಲಿ ಯಾವ ಗುರುತನ್ನು ಹಿಡಿಯುತ್ತವೆ ಎಂಬುದನ್ನು ಮೈಕೆಲ್ ಪಿಯರ್ಶ್‌ಬಾಕರ್ ಮತ್ತು ಎರ್ಕಿ ರೂಸ್‌ಲಾಹ್ಟಿ 1984ರಲ್ಲಿ ಕಂಡುಹಿಡಿದರು. ಕೇವಲ ಮೂರು ಅಮೈನೋ ಆಮ್ಲಗಳ ಸಣ್ಣ ಸರಪಳಿ ಅದು. ಕಡಲಪಾಚಿಯ ಆಲ್ಜಿನೇಟ್‌ನಲ್ಲಿ ಅಂಥ ಗುರುತು ಇರುವುದಿಲ್ಲ. ಆದ್ದರಿಂದ ಅದನ್ನು ರಾಸಾಯನಿಕವಾಗಿ ಜೋಡಿಸುತ್ತಾರೆ. ಕೊಲಾಜೆನ್, ಫೈಬ್ರಿನ್‌ಗಳಲ್ಲಿ ಹಿಡಿತದ ಜಾಗ ಸಹಜವಾಗಿಯೇ ಇದೆ.

ಹಂದರದ ಬಿಗುವೂ ಕೋಶದ ನಡತೆಯನ್ನು ಬದಲಿಸುತ್ತದೆ. ಒಂದೇ ಬಗೆಯ ಕಾಂಡಕೋಶಗಳನ್ನು ಮೆದುಳಿನಷ್ಟು ಮೆತ್ತಗಿನ ಜೆಲ್ ಮೇಲೆ ಇಟ್ಟಾಗ ನರಕೋಶದ ಕಡೆಗೂ, ಸ್ನಾಯುವಿನಷ್ಟು ಬಿಗಿಯಾದದ್ದರ ಮೇಲೆ ಸ್ನಾಯುವಿನ ಕಡೆಗೂ, ಇನ್ನೂ ಬಿಗಿಯಾದದ್ದರ ಮೇಲೆ ಮೂಳೆಯ ಕಡೆಗೂ ವಾಲುತ್ತವೆ ಎಂದು ಆಡಂ ಎಂಗ್ಲರ್, ಡೆನಿಸ್ ಡಿಷರ್ ಮತ್ತಿತರರು 2006ರಲ್ಲಿ ತೋರಿಸಿದರು. ಆ ಪ್ರಯೋಗದ ನಂತರ ನಮ್ಮ ಕ್ಷೇತ್ರದ ಯೋಚನೆಯೇ ತಿರುಗಿತು. ಕೋಶ ಎಷ್ಟು ಕೋಟಿ ಎಂಬುದಕ್ಕಿಂತ ಅದು ಎಂಥ ಜಾಗದಲ್ಲಿ ಕುಳಿತಿದೆ ಎಂಬುದು ಹೆಚ್ಚು ಮುಖ್ಯವಾಯಿತು. ಇಂದಿಗೂ ಜಾಹೀರಾತುಗಳು ಕೋಟಿಯ ಲೆಕ್ಕವನ್ನೇ ಹಿಡಿದಿರುವುದು ನನಗೆ ಬೇಸರ ತರಿಸುತ್ತದೆ.

ಇನ್ನೊಂದು ತೊಡಕಿದೆ, ನನ್ನ ಮಟ್ಟಿಗೆ ಅದೇ ಅತ್ಯಂತ ಕಠಿಣವಾದದ್ದು. ಜೆಲ್ ಒಂದು ದಿನ ಕರಗಲೇಬೇಕು, ಕರಗಿದಷ್ಟೇ ಜಾಗದಲ್ಲಿ ಕೋಶ ತನ್ನದೇ ನಾರು ನೇಯ್ದಿರಬೇಕು. ಬೇಗ ಕರಗಿದರೆ ಕೋಶ ಮತ್ತೆ ಆಸರೆಯಿಲ್ಲದೆ ಉಳಿಯುತ್ತದೆ. ಕರಗದೆ ನಿಂತರೆ ಹೊಸ ಅಂಗಾಂಶಕ್ಕೆ ಜಾಗವಿರುವುದಿಲ್ಲ. ಮಂಡಿಯಲ್ಲಂತೂ ಮೆಟ್ಟಿಲು ಹತ್ತುವಾಗ ದೇಹತೂಕದ ಸುಮಾರು ಮೂರು ಪಟ್ಟು ಭಾರ ಬೀಳುತ್ತದೆ. ಆ ಭಾರ ತಡೆಯುವಷ್ಟು ಗಟ್ಟಿಯಾದ ಜೆಲ್ ಮಾಡಿದರೆ ಒಳಗಿನ ಕೋಶಕ್ಕೆ ಉಸಿರುಕಟ್ಟುತ್ತದೆ. ಕೋಶಕ್ಕೆ ಹಿತವಾದ ಜೆಲ್ ಮಾಡಿದರೆ ಭಾರಕ್ಕೆ ಅದು ಜಜ್ಜಿಹೋಗುತ್ತದೆ. ಈ ಕಾರಣಕ್ಕೇ ಆಪರೇಷನ್ ನಂತರ ವಾರಗಟ್ಟಲೆ ಕಾಲೂರಬೇಡಿ ಎನ್ನುತ್ತಾರೆ. ಭಾರ ಹೊರುವ ಕೆಲಸವನ್ನು ಅಷ್ಟು ದಿನ ಊರುಗೋಲು ಮಾಡುತ್ತದೆ, ಕೋಶಗಳನ್ನು ಕಾಯುವ ಕೆಲಸವನ್ನು ಜೆಲ್ ಮಾಡುತ್ತದೆ.

ಪ್ರಾಣಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಗೆಲ್ಲಲೇಬೇಕೆಂದಿಲ್ಲ. ಹೃದಯಾಘಾತವಾದ ಹಂದಿಗಳ ಹೃದಯದಲ್ಲಿ ಆಲ್ಜಿನೇಟ್ ಜೆಲ್ ಚೆನ್ನಾಗಿ ಕೆಲಸ ಮಾಡಿತ್ತು. 303 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಆರು ತಿಂಗಳ ನಂತರ ನೋಡಿದಾಗ ಜೆಲ್ ಪಡೆದವರಿಗೂ ಪಡೆಯದವರಿಗೂ ಹೃದಯದ ಗಾತ್ರದಲ್ಲಿ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಆ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡ ಉಪಕಾರ. ಹೃದಯಕ್ಕಿಂತ ಮೃದ್ವಸ್ಥಿ ಒಂದು ವಿಷಯದಲ್ಲಿ ಸುಲಭ: ಅದರ ಕೋಶಗಳಿಗೆ ಕಡಿಮೆ ಆಮ್ಲಜನಕದಲ್ಲಿ ಬದುಕುವುದು ರೂಢಿ. ಹೃದಯದ ಕೋಶ ರಕ್ತನಾಳದಿಂದ ಒಂದೆರಡು ಕೂದಲೆಳೆಯ ದಪ್ಪದಷ್ಟು ದೂರ ಹೋದರೂ ಒದ್ದಾಡುತ್ತದೆ. ಮೃದ್ವಸ್ಥಿಯ ಕೋಶ ಕೀಲಿನ ದ್ರವದಿಂದ ಒಸರಿ ಬಂದದ್ದರಲ್ಲೇ ಬಾಳುತ್ತದೆ. ಜೆಲ್ ಮತ್ತು ಕೋಶದ ಚಿಕಿತ್ಸೆ ಎಲ್ಲಕ್ಕಿಂತ ಮೊದಲು ಮಂಡಿಯಲ್ಲಿ ನೆಲೆಯೂರಲು ಇದೂ ಒಂದು ಕಾರಣ.

ಈಗ ನಿಮ್ಮ ತಮ್ಮನ ಮಂಡಿಗೆ ಬರೋಣ. ಸುತ್ತಲೂ ಆರೋಗ್ಯವಂತ ಮೃದ್ವಸ್ಥಿ ಇದ್ದು, ನಡುವೆ ಒಂದೆಡೆ ಮಾತ್ರ ಗುಂಡಿ ಬಿದ್ದಿರುವುದು ಈ ಚಿಕಿತ್ಸೆಗೆ ಹೇಳಿ ಮಾಡಿಸಿದ ಸ್ಥಿತಿ. ಇದನ್ನು ಮನುಷ್ಯರಲ್ಲಿ ಮೊದಲು ಮಾಡಿದವರು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಲಾರ್ಸ್ ಪೀಟರ್‌ಸನ್, ಮ್ಯಾಟ್ಸ್ ಬ್ರಿಟ್‌ಬರ್ಗ್ ಮತ್ತು ಸಂಗಡಿಗರು, 1987ರಲ್ಲಿ. 1994ರಲ್ಲಿ 23 ರೋಗಿಗಳ ಫಲಿತಾಂಶ ಪ್ರಕಟಿಸಿದರು. ತೊಡೆಮೂಳೆಯ ತುದಿಯಲ್ಲಿ ಗುಂಡಿಯಿದ್ದ 16 ಜನರಲ್ಲಿ 14 ಮಂದಿಗೆ ಒಳ್ಳೆಯ ಫಲ ಸಿಕ್ಕಿತು. ಮಂಡಿಚಿಪ್ಪಿನ ಹಿಂಭಾಗದಲ್ಲಿ ಗುಂಡಿಯಿದ್ದ 7 ಜನರಲ್ಲಿ ಇಬ್ಬರಿಗೆ ಮಾತ್ರ. ಕೋಶ ಅದೇ, ಕೈಗಳು ಅವೇ, ಜಾಗ ಮಾತ್ರ ಬೇರೆ. ಅವರ ಕಾಲದಲ್ಲಿ ಕೋಶಗಳನ್ನು ದ್ರವದಲ್ಲೇ ಹಾಕಿ, ಮೂಳೆಯ ಮೇಲ್ಪೊರೆಯ ತುಂಡೊಂದನ್ನು ಗುಂಡಿಯ ಬಾಯಿಗೆ ಹೊಲಿದು ಮುಚ್ಚುತ್ತಿದ್ದರು. ಹೊಲಿಗೆಯ ಸಂದಿನಿಂದ ಕೋಶ ಸೋರುತ್ತಿತ್ತು. ಗುಂಡಿಯ ಕೆಳಭಾಗಕ್ಕೆ ಇಳಿದು ಒಂದೇ ಕಡೆ ಗುಂಪಾಗುತ್ತಿತ್ತು. ಕೆಲವರಲ್ಲಿ ಆ ಪೊರೆಯೇ ಅತಿಯಾಗಿ ಬೆಳೆದು ಮತ್ತೊಂದು ಆಪರೇಷನ್ ಬೇಕಾಗುತ್ತಿತ್ತು. ಈ ತೊಂದರೆಗಳಿಗೆ ಉತ್ತರವಾಗಿಯೇ ಹಂದರಗಳು ಬಂದವು. ಕೊಲಾಜೆನ್ ಹಾಳೆಯ ಮೇಲೆ ಕೋಶ ಬೆಳೆಸಿ ಕತ್ತರಿಸಿ ಕೂರಿಸುವ ವಿಧಾನಕ್ಕೆ ಅಮೆರಿಕದ ಔಷಧ ನಿಯಂತ್ರಕರು 2016ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟರು. ಜೆಲ್ ವಿಧಾನದಲ್ಲಿ ಹಾಳೆಯೂ ಇಲ್ಲ, ಹೊಲಿಗೆಯೂ ಇಲ್ಲ. ದ್ರವವಾಗಿ ಹೋಗಿ ಗುಂಡಿಯ ಆಕಾರವನ್ನೇ ತಳೆದು ಅಲ್ಲೇ ಗಟ್ಟಿಯಾಗುತ್ತದೆ. ಅಂಚು ಓರೆಕೋರೆಯಾಗಿದ್ದರೂ ಚಿಂತೆಯಿಲ್ಲ.

ಭಾರತದಲ್ಲಿ ಮುಂಬೈನ ರೀಗ್ರೋ ಬಯೋಸೈನ್ಸಸ್ ಸಂಸ್ಥೆಯ ‘ಕಾರ್ಟಿಗ್ರೋ’ ಎಂಬ ಇಂಥ ಚಿಕಿತ್ಸೆಗೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿ 2017ರಲ್ಲಿ ದೊರೆತಿದೆ. ನಿಮ್ಮ ತಮ್ಮನಿಗೆ ವೈದ್ಯರು ಹೇಳಿರುವುದು ಬಹುಶಃ ಇದೇ ಬಗೆಯದು. ಕ್ರಮ ಹೀಗಿರುತ್ತದೆ. ಮೊದಲು ದುರ್ಬೀನಿನ ಮೂಲಕ ಮಂಡಿಯೊಳಗೆ ನೋಡಿ, ಭಾರ ಬೀಳದ ಅಂಚಿನಿಂದ ಅಕ್ಕಿಕಾಳಿನಷ್ಟು ದೊಡ್ಡ ಎರಡು ಮೂರು ಚೂರು ಮೃದ್ವಸ್ಥಿ ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಅದರ ನಾರನ್ನು ಕರಗಿಸಿ, ಕೋಶಗಳನ್ನು ಬಿಡಿಸಿ, ಕೆಲವು ವಾರ ಬೆಳೆಸುತ್ತಾರೆ. ನಂತರ ಎರಡನೇ ಆಪರೇಷನ್. ಈ ಎರಡನೇ ಆಪರೇಷನ್‌ನಲ್ಲಿ ಶಸ್ತ್ರಚಿಕಿತ್ಸಕರ ಕೈಚಳಕ ನೋಡುವಂಥದ್ದು. ಗುಂಡಿಯೊಳಗಿನ ಹಾಳಾದ ಭಾಗವನ್ನೆಲ್ಲ ಕೆರೆದು ತೆಗೆದು, ಅಂಚಿನ ಗೋಡೆ ನೆಟ್ಟಗೆ ನಿಲ್ಲುವಂತೆ ಮಾಡುತ್ತಾರೆ. ಕೆಳಗಿನ ಮೂಳೆಯಿಂದ ರಕ್ತ ಒಸರದಂತೆ ನೋಡಿಕೊಳ್ಳುತ್ತಾರೆ. ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸುತ್ತಾರೆ, ಏಕೆಂದರೆ ತೇವದ ಮೇಲೆ ಜೆಲ್ ಕಚ್ಚುವುದಿಲ್ಲ. ಗುಂಡಿಯ ಬಾಯಿ ಮೇಲ್ಮುಖವಾಗಿ ಬರುವಂತೆ ಕಾಲನ್ನು ಹೊಂದಿಸಿ ಹಿಡಿಯುತ್ತಾರೆ.

ಆಮೇಲೆ ಜೋಡಿ ಸಿರಿಂಜ್ ಬರುತ್ತದೆ. ಒಂದರಲ್ಲಿ ಫೈಬ್ರಿನೋಜನ್, ಇನ್ನೊಂದರಲ್ಲಿ ಥ್ರಾಂಬಿನ್. ಕೋಶಗಳೂ ಇದರೊಂದಿಗೇ ಸೇರುತ್ತವೆ. ಇವೆರಡೂ ನಮ್ಮ ರಕ್ತ ಹೆಪ್ಪುಗಟ್ಟಲು ಕಾರಣವಾಗುವ ಪದಾರ್ಥಗಳೇ. ತುದಿಯಲ್ಲಿ ಸೇರಿದೊಡನೆ ಫೈಬ್ರಿನ್ ಎಂಬ ನಾರಿನ ಬಲೆ ಕಟ್ಟಿಕೊಳ್ಳತೊಡಗುತ್ತದೆ. ಕೆಲವೇ ನಿಮಿಷಗಳಲ್ಲಿ ಗುಂಡಿ ತುಂಬಿ, ಜೆಲ್ ಬಿಳುಪೇರಿ, ಸಮತಟ್ಟಾಗಿ ನಿಲ್ಲುತ್ತದೆ. ಗಟ್ಟಿಯಾಯಿತೆಂದು ಖಚಿತವಾದ ಮೇಲೆ ಮಂಡಿಯನ್ನು ಕೆಲವು ಸಲ ಮಡಚಿ ಬಿಡಿಸಿ, ಕದಲಿಲ್ಲವೆಂದು ಕಣ್ಣಾರೆ ನೋಡಿಯೇ ಗಾಯ ಮುಚ್ಚುತ್ತಾರೆ. ಮೃದ್ವಸ್ಥಿಗೆ ಪ್ರಕೃತಿ ಕೊಡದ ಹೆಪ್ಪನ್ನು ವೈದ್ಯರು ಅಲ್ಲಿ ಕೈಯಾರೆ ಕಟ್ಟಿಕೊಟ್ಟಂತಾಯಿತು, ಅದೂ ಅವನದೇ ಕೋಶಗಳನ್ನು ಒಳಗಿಟ್ಟು. ಈ ಚಿಕಿತ್ಸೆಯ ಬಗ್ಗೆ ನನಗಿರುವ ಗೌರವಕ್ಕೆ ಕಾರಣ ಈ ಸರಳತೆ.

ದಕ್ಷಿಣ ಕೊರಿಯಾದಲ್ಲಿ ಇನ್ನೊಂದು ಬಗೆ ಇದೆ. ಹೆರಿಗೆಯ ಹೊಕ್ಕುಳಬಳ್ಳಿಯ ರಕ್ತದಿಂದ ತೆಗೆದ ಕಾಂಡಕೋಶಗಳನ್ನು ಹಯಲುರಾನಿಕ್ ಆಮ್ಲದ (ಕೀಲಿನ ದ್ರವದಲ್ಲಿ ಸಹಜವಾಗಿಯೇ ಇರುವ ಲೋಳೆಯಂಥ ಪದಾರ್ಥ) ಜೆಲ್‌ನಲ್ಲಿ ಬೆರೆಸುವ ‘ಕಾರ್ಟಿಸ್ಟೆಮ್’ಗೆ ಅಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು. ಅದನ್ನೂ ಕೀಲಿನೊಳಗೆ ಸುಮ್ಮನೆ ಚುಚ್ಚುವುದಿಲ್ಲ. ಆಪರೇಷನ್ ಮಾಡಿ, ಸವೆದ ಜಾಗದ ಮೂಳೆಯಲ್ಲಿ ರಂಧ್ರಗಳನ್ನು ಕೊರೆದು, ಅವುಗಳೊಳಗೆ ತುಂಬುತ್ತಾರೆ. ಜೆಲ್ ನಿಲ್ಲಲೊಂದು ಜಾಗ ಇರಲೇಬೇಕೆಂಬುದು ಅಲ್ಲಿಯೂ ತಪ್ಪಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಜೆನಿಫರ್ ಎಲಿಸೆಫ್ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜೆಲ್ ಹಾಕುವ ಮುನ್ನ ಗುಂಡಿಯ ಗೋಡೆಗೆ ಒಂದು ಜೈವಿಕ ಅಂಟು ಬಳಿದು, ಬೆಳಕು ಹಾಯಿಸಿ ಜೆಲ್ ಗಟ್ಟಿಮಾಡುವ ವಿಧಾನವನ್ನು 15 ರೋಗಿಗಳಲ್ಲಿ ಪ್ರಯೋಗಿಸಿ 2013ರಲ್ಲಿ ವರದಿ ಮಾಡಿತು. ಹೊಸದು ಹಳೆಯದಕ್ಕೆ ಬೆಸೆದುಕೊಳ್ಳದಿದ್ದರೆ ಗುಂಡಿ ತುಂಬಿಯೂ ಅಂಚಿನಲ್ಲಿ ಬಿರುಕು ಉಳಿಯುತ್ತದೆ. ಆ ಬಿರುಕಿನಿಂದಲೇ ಮುಂದೆ ಸವೆತ ಶುರುವಾಗುವ ಭಯವಿದೆ. ನಮ್ಮ ಕ್ಷೇತ್ರ ಇನ್ನೂ ಸೆಣಸುತ್ತಿರುವುದು ಈ ಬೆಸುಗೆಯ ಸಮಸ್ಯೆಯೊಂದಿಗೆ.

ತಾಯಿಯವರ ವಿಷಯಕ್ಕೆ ಬಂದರೆ ಚಿತ್ರವೇ ಬೇರೆ. ಅವರ ಮಂಡಿಯಲ್ಲಿ ಗುಂಡಿ ಇಲ್ಲ. ಇಡೀ ಹೊದಿಕೆ ತೆಳುವಾಗಿದೆ. ಅಂಚಿನ ಗೋಡೆಯೇ ಇಲ್ಲದ ಮೇಲೆ ಜೆಲ್ ಯಾವುದಕ್ಕೆ ಆನಿಕೊಂಡು ನಿಲ್ಲಬೇಕು? ಕೀಲಿನ ಚೀಲಕ್ಕೆ ಚುಚ್ಚಿದ ಹಯಲುರಾನಿಕ್ ಆಮ್ಲ ಅಲ್ಲಿನ ದ್ರವದೊಂದಿಗೆ ಬೆರೆತು, ನಡೆದಾಗಲೆಲ್ಲ ಅಲ್ಲಾಡಿ, ಕೆಲ ದಿನಗಳಲ್ಲಿ ಕರಗುತ್ತದೆ. ಕೀಲೆಣ್ಣೆಯಾಗಿ ಅದಕ್ಕೆ ಅದರದೇ ಉಪಯೋಗ ಇರಬಹುದು, ಹಂದರವಾಗಲು ಮಾತ್ರ ಸಾಧ್ಯವಿಲ್ಲ. ಅದಲ್ಲದೆ ಸವೆದ ಮಂಡಿ ಶಾಂತವಾದ ಜಾಗವೂ ಅಲ್ಲ. ಒಳಪೊರೆ ಉರಿಯೂತದಿಂದ ಕೆರಳಿರುತ್ತದೆ, ಮೃದ್ವಸ್ಥಿಯನ್ನು ಕತ್ತರಿಸುವ ಕಿಣ್ವಗಳು ದ್ರವದಲ್ಲಿ ತುಂಬಿರುತ್ತವೆ. ಇರುವ ಮೃದ್ವಸ್ಥಿಯನ್ನೇ ಉಳಿಯಗೊಡದ ಆ ವಾತಾವರಣಕ್ಕೆ ಹೊಸ ಕೋಶಗಳನ್ನು ತೇಲಿಬಿಟ್ಟು ‘ಮೃದ್ವಸ್ಥಿ ಬೆಳೆಯುತ್ತದೆ’ ಎಂದು ಭರವಸೆ ಕೊಡುವುದು ಸರಿಯಲ್ಲ.

ಕೊಬ್ಬಿನ ಕೋಶದ ಬಗ್ಗೆ ಊಹೆಯ ಮೇಲೆ ಮಾತನಾಡುವ ಅಗತ್ಯ ಈಗ ಉಳಿದಿಲ್ಲ. ಅಮೆರಿಕದಲ್ಲಿ ಮಂಡಿ ಸವೆತದ 475 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಕೆಲವರಿಗೆ ತಮ್ಮದೇ ಎಲುಬುಮಜ್ಜೆಯ ಕೋಶ, ಕೆಲವರಿಗೆ ತಮ್ಮದೇ ಕೊಬ್ಬಿನಿಂದ ತೆಗೆದ ಕೋಶ, ಕೆಲವರಿಗೆ ಹೊಕ್ಕುಳಬಳ್ಳಿಯ ಕಾಂಡಕೋಶ, ಉಳಿದವರಿಗೆ ನಮ್ಮೂರುಗಳಲ್ಲೂ ಸಿಗುವ ಸಾಮಾನ್ಯ ಸ್ಟೀರಾಯ್ಡ್ ಇಂಜೆಕ್ಷನ್. ಒಂದು ವರ್ಷದ ನಂತರ ನೋವಿನ ಲೆಕ್ಕದಲ್ಲಿ ಯಾವ ಕೋಶವೂ ಸ್ಟೀರಾಯ್ಡ್‌ಗಿಂತ ಮೇಲೆನಿಸಲಿಲ್ಲ. ನಿಮ್ಮ ತಾಯಿಯವರಿಗೆ ಲಕ್ಷಗಟ್ಟಲೆ ಹೇಳಿ ಮಾರಲು ಹೊರಟಿರುವುದು ಈ ಪಟ್ಟಿಯ ಎರಡನೆಯದನ್ನೇ.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಎಲುಬುಮಜ್ಜೆಯಿಂದ ಬೆಳೆಸಿದ ಕಾಂಡಕೋಶಗಳಿಗೆ ಮಂಡಿ ಸವೆತದ ಚಿಕಿತ್ಸೆಗಾಗಿ 2022ರಲ್ಲಿ ಭಾರತದ ಔಷಧ ನಿಯಂತ್ರಕರ ಅನುಮತಿ ಸಿಕ್ಕಿದೆ. ಎರಡು ಮತ್ತು ಮೂರನೇ ಹಂತದ 146 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ 2.5 ಕೋಟಿ ಕೋಶಗಳನ್ನೂ ಹಿಂದೆಯೇ ಹಯಲುರಾನಿಕ್ ಆಮ್ಲವನ್ನೂ ಒಮ್ಮೆ ಚುಚ್ಚಿದರು. ಕೋಶವಿಲ್ಲದೆ ಆ ಆಮ್ಲ ಮಾತ್ರ ಪಡೆದವರಿಗೆ ಹೋಲಿಸಿದರೆ ಕೋಶ ಪಡೆದವರಲ್ಲಿ ವರ್ಷದ ಕೊನೆಗೆ ನೋವು ಮತ್ತು ಬಿಗಿತ ಹೆಚ್ಚು ತಗ್ಗಿತ್ತು. ಎಂ.ಆರ್.ಐ.ಯಲ್ಲಿ ಮೃದ್ವಸ್ಥಿಯ ಗುಣ ಮತ್ತಷ್ಟು ಕೆಡದೆ ನಿಂತಿತ್ತು. ಕೆಡದೆ ನಿಲ್ಲುವುದು ಸಣ್ಣ ಸಾಧನೆಯಲ್ಲ. ಆದರೆ ಅದು ಹೊಸ ಮೃದ್ವಸ್ಥಿ ಬೆಳೆಯಿತು ಎಂಬುದಕ್ಕೆ ಸಮನೂ ಅಲ್ಲ. ಇಲ್ಲಿ ಕೋಶಗಳು ಇಟ್ಟಿಗೆಯಾಗಿ ಕೂರುತ್ತಿಲ್ಲ. ಇರುವಷ್ಟು ದಿನ ಉರಿಯೂತ ತಗ್ಗಿಸುವ ಪದಾರ್ಥಗಳನ್ನು ಸ್ರವಿಸಿ ಹೋಗುತ್ತವೆ ಎಂದೇ ಹೆಚ್ಚಿನವರ ಅಭಿಪ್ರಾಯ, ನನ್ನದೂ ಅದೇ. ಅಧಿಕೃತವಾಗಿ, ಗುಣಮಟ್ಟ ಪರೀಕ್ಷಿಸಿ ಬರುವ ಈ ಔಷಧಕ್ಕೂ, ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ ಅಂದೇ ಕೊಬ್ಬು ಹಿಂಡಿ ಚುಚ್ಚುವುದಕ್ಕೂ ಹೋಲಿಕೆಯೇ ಇಲ್ಲ. ನಿಮ್ಮ ಮೂಳೆತಜ್ಞರು ಮೊದಲಿನದನ್ನು ಸೂಚಿಸಿದರೆ, ಬೆಲೆ ಮತ್ತು ನಿರೀಕ್ಷೆ ಎರಡನ್ನೂ ತೂಗಿ ನೋಡಿ ನಿರ್ಧರಿಸಬಹುದು.

ಕಾನೂನಿನ ಮಾತೂ ತಿಳಿದಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ, ಅನುಮತಿಯಿಲ್ಲದ ಕಾಂಡಕೋಶದ ಬಳಕೆ ಪ್ರಯೋಗದ ಚೌಕಟ್ಟಿನಲ್ಲಿ ಮಾತ್ರ ನಡೆಯಬೇಕು. ಪ್ರಯೋಗ ಎಂದಾದರೆ ಅದಕ್ಕೆ ನೋಂದಣಿ ಸಂಖ್ಯೆ ಇರುತ್ತದೆ. ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ನೈತಿಕ ಸಮಿತಿಯ ಒಪ್ಪಿಗೆ ಇರುತ್ತದೆ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಸಮ್ಮತಿ ಪತ್ರ ಇರುತ್ತದೆ, ಆ ಚಿಕಿತ್ಸೆಗೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಪ್ರಯೋಗವೂ ಅಲ್ಲ, ಅನುಮತಿಯೂ ಇಲ್ಲ, ಮುಂಗಡ ಮಾತ್ರ ಕಟ್ಟಿ ಎಂದರೆ ಎದ್ದು ಬನ್ನಿ.

ಹಾಗಾದರೆ ಅಮ್ಮ ನೋವು ತಿನ್ನುತ್ತಾ ಕೂರಬೇಕೇ ಎಂದು ನೀವು ಕೇಳಬಹುದು. ಇಲ್ಲ. ತೂಕ ಹೆಚ್ಚಿದ್ದರೆ ಅಲ್ಲಿಂದ ಶುರುಮಾಡಿ: 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ತಗ್ಗುತ್ತದೆ. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿ ತಜ್ಞರಿಂದ ಕಲಿತು ಬಿಡದೆ ಮಾಡಿಸಿ. 156 ರೋಗಿಗಳಲ್ಲಿ ಫಿಸಿಯೋಥೆರಪಿಯನ್ನು ಸ್ಟೀರಾಯ್ಡ್ ಇಂಜೆಕ್ಷನ್‌ನೊಂದಿಗೆ ಹೋಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ವ್ಯಾಯಾಮ ಮಾಡಿದವರೇ ಚೆನ್ನಾಗಿದ್ದರು. ಇದನ್ನು ಮೇಲಿನ ಕೋಶಗಳ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಿ. ಕೋಶಗಳಿಗೆ ಮೀರಿಸಲಾಗದ ಸ್ಟೀರಾಯ್ಡ್ ಅನ್ನು ವ್ಯಾಯಾಮ ಮೀರಿಸಿದೆ. ನೆಲದ ಮೇಲೆ ಕುಳಿತು ಏಳುವುದನ್ನು, ಕುಕ್ಕರಗಾಲಿನಲ್ಲಿ ಕೂರುವುದನ್ನು ಕಡಿಮೆ ಮಾಡಿಸಿ. ಇಷ್ಟಾದರೂ ರಾತ್ರಿ ನಿದ್ದೆ ಕೆಡಿಸುವಷ್ಟು ನೋವಿದ್ದರೆ ಮಂಡಿ ಬದಲಿ ಆಪರೇಷನ್ ಬಗ್ಗೆ ಹೆದರಿಕೆ ಇಲ್ಲದೆ ಮಾತನಾಡಿ. ಇಂಜೆಕ್ಷನ್‌ಗೆಂದು ಎತ್ತಿಟ್ಟ ಹಣ ಅಲ್ಲಿಗೆ ಆಗುತ್ತದೆ.

ತಮ್ಮನ ವಿಷಯದಲ್ಲಿ ಒಂದು ಎಚ್ಚರ ಬಾಕಿ ಇದೆ. ಕಬಡ್ಡಿಯಲ್ಲಿ ಮೃದ್ವಸ್ಥಿ ಕಿತ್ತುಹೋಗುವಷ್ಟು ಪೆಟ್ಟು ಬಿದ್ದಾಗ ಒಳಗೆ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್ ಹರಿದಿರುವುದೂ ಉಂಟು, ಮಂಡಿಯೊಳಗಿನ ಗಾದಿ (ಮೆನಿಸ್ಕಸ್) ಸೀಳಿರುವುದೂ ಉಂಟು. ಲಿಗಮೆಂಟ್ ಸಡಿಲವಾಗಿರುವ ಮಂಡಿ ಪ್ರತಿ ತಿರುವಿನಲ್ಲೂ ಜಾರುತ್ತದೆ, ಜಾರಿದಾಗಲೆಲ್ಲ ಹೊಸ ಜೆಲ್ ಅನ್ನು ಅರೆಯುತ್ತದೆ. ಕಾಲು ಒಳಕ್ಕೋ ಹೊರಕ್ಕೋ ಬಾಗಿದ್ದರೂ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ. ಆದ್ದರಿಂದ ಕೋಶದ ಚೂರು ತೆಗೆಯುವ ಮೊದಲೇ ಲಿಗಮೆಂಟ್‌ಗಳ ಸ್ಥಿತಿ ಏನು, ಸೊಂಟದಿಂದ ಹಿಮ್ಮಡಿಯವರೆಗೆ ನಿಲ್ಲಿಸಿ ತೆಗೆಯುವ ಉದ್ದನೆಯ ಎಕ್ಸ್-ರೇ ಮಾಡಿಸಬೇಕೇ, ಗುಂಡಿ ತೊಡೆಮೂಳೆಯ ತುದಿಯಲ್ಲಿದೆಯೋ ಮಂಡಿಚಿಪ್ಪಿನ ಹಿಂದಿದೆಯೋ ಎಂದು ವೈದ್ಯರನ್ನು ಕೇಳಿ. ಲಿಗಮೆಂಟ್ ಹರಿದಿದ್ದರೆ ಅದರ ರಿಪೇರಿಯೂ ಇದೇ ಯೋಜನೆಯೊಳಗೆ ಬರಬೇಕು. ಗುಂಡಿ ತೀರ ಚಿಕ್ಕದಾಗಿದ್ದರೆ ಕೋಶ ಬೆಳೆಸುವ ಖರ್ಚಿಲ್ಲದೆ, ಕೆಳಗಿನ ಮೂಳೆಯಲ್ಲಿ ಸಣ್ಣ ರಂಧ್ರ ಮಾಡಿ ಮಜ್ಜೆಯ ರಕ್ತವನ್ನೇ ಹೆಪ್ಪುಗಟ್ಟಿಸುವ ಸರಳ ವಿಧಾನ ಸಾಕಾದೀತು. ಆಗ ಬೆಳೆಯುವುದು ಅಷ್ಟು ಬಾಳಿಕೆಯಿಲ್ಲದ ನಾರಿನ ಮೃದ್ವಸ್ಥಿ ಎಂಬುದು ಗೊತ್ತಿರಲಿ. ಜೆಲ್ ವಿಧಾನವನ್ನೇ ಆರಿಸಿಕೊಂಡರೆ ಆರರಿಂದ ಎಂಟು ವಾರ ಊರುಗೋಲು, ತಿಂಗಳುಗಟ್ಟಲೆ ವ್ಯಾಯಾಮ, ಅಂಕಣಕ್ಕೆ ಮರಳಲು ಹೆಚ್ಚುಕಡಿಮೆ ಒಂದು ವರ್ಷ. ಮುಂದಿನ ಪಂದ್ಯಾವಳಿಯ ದಿನಾಂಕ ನೋಡಿಕೊಂಡು ಆಪರೇಷನ್ ದಿನ ಗೊತ್ತುಮಾಡಲು ಅವನು ಹೊರಟರೆ ನೀವೇ ಅಣ್ಣನಾಗಿ ತಡೆಯಿರಿ.